ಕಂತು ಮುಗಿದರೂ ಕ್ರಯಪತ್ರ ಆಗದ ಹೌಸಿಂಗ್ ಬೋರ್ಡ್ ಮನೆ: ಹಿರಿಯರ ಪರವಾಗಿ ಕಾವೇರಿ 2.0 ಬಳಸುವವರಿಗೆ ಒಂದು ವಿಮರ್ಶೆ

ಕಲಬುರಗಿಯ ಹೌಸಿಂಗ್ ಬೋರ್ಡ್ ಕಾಲೊನಿಗಳಲ್ಲಿ ಮುತ್ಯಾಗಳನ್ನೋ ಆಯಿಗಳನ್ನೋ ಕೇಳಿದರೆ ಸಿಗುವ ಉತ್ತರ ಒಂದೇ: "ಕಂತೆಲ್ಲ ಮುಗದಾವ, ಮನಿ ನಮ್ದೇ." ಟ್ರಂಕಿನಿಂದ ಕಾಗದ ತೆಗೆಸಿ ನೋಡಿದರೆ ಇರುವುದು ಹಂಚಿಕೆ ಪತ್ರ, ಸ್ವಾಧೀನ ಪತ್ರ, ಒಂದು ಲೀಸ್ ಕಮ್ ಸೇಲ್ ಕರಾರು (ಕಂತು ಮುಗಿಯುವ ತನಕ ಲೀಸ್, ಆಮೇಲೆ ಮಾರಾಟ ಎಂಬ ಒಪ್ಪಂದ), ಬ್ಯಾಂಕ್ ಚಲನ್‌ಗಳ ಕಟ್ಟು. ಶುದ್ಧ ಕ್ರಯಪತ್ರ ಇರುವುದಿಲ್ಲ. ಅದು ನೋಂದಣಿ ಆಗುವ ತನಕ ಕಾನೂನಿನ ಲೆಕ್ಕದಲ್ಲಿ ಮನೆ ಗೃಹ ಮಂಡಳಿಯದು, ಅಂದರೆ ಹೌಸಿಂಗ್ ಬೋರ್ಡಿನದು; ಒಳಗಿರುವವರು ಲೀಸಿಗೆ ಇರುವವರು. ದಾನಪತ್ರ ಬರೆಯಲು ಆಗದು, ಬ್ಯಾಂಕ್ ಸಾಲ ಕೊಡದು. ಹಿರಿಯರು ತೀರಿಕೊಂಡರೆ ಮಕ್ಕಳು ಮೊದಲು ಹಂಚಿಕೆಯನ್ನು ತಮ್ಮ ಹೆಸರಿಗೆ ವರ್ಗ ಮಾಡಿಸಿಕೊಂಡು, ಆಮೇಲೆ ಕ್ರಯಪತ್ರದ ಸಾಲಿಗೆ ನಿಲ್ಲಬೇಕು.

ಈ ಕ್ರಯಪತ್ರದ ನೋಂದಣಿಗೆ ಇವತ್ತು ಇರುವ ದಾರಿ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ 2.0. 2023ರಲ್ಲಿ ಬಂದ ಈ ತಂತ್ರಾಂಶವನ್ನು ಮೊದಲು ಪ್ರಯೋಗಕ್ಕೆ ಹಾಕಿದ ಕಚೇರಿಗಳಲ್ಲಿ ನಮ್ಮ ಜಿಲ್ಲೆಯ ಚಿಂಚೋಳಿಯೂ ಒಂದು. ವಯಸ್ಸಾದವರ ಕೆಲಸಕ್ಕೆ ಇದು ಎಷ್ಟು ಹೊಂದುತ್ತದೆ ಎಂದರೆ ನಮ್ಮ ಲೆಕ್ಕದಲ್ಲಿ ಐದಕ್ಕೆ ಮೂರೂವರೆ. ಕಚೇರಿಯಲ್ಲಿ ಕಾಯಿಸುವುದನ್ನು ಇದು ಖರೆ ಕಡಿಮೆ ಮಾಡಿದೆ. ಕಳೆಯುವ ಒಂದೂವರೆ ಅಂಕ ಪೋರ್ಟಲ್‌ಗೆ ಬರುವ ಮುಂಚಿನ ಕಾಗದಗಳ ಗೋಜಲಿಗೆ. ಕಾವೇರಿ ಆ ಗೋಜಲು ಬಿಡಿಸುವುದಿಲ್ಲ, ತಂದು ಎದುರಿಗೆ ನಿಲ್ಲಿಸುತ್ತದೆ ಅಷ್ಟೆ.

ಕೆಲಸ ಶುರುವಾಗುವುದು ಮಂಡಳಿಯ ಕಚೇರಿಯಲ್ಲಿ. ಮೊದಲು ಬೇಬಾಕಿ ಪ್ರಮಾಣಪತ್ರ ಬೇಕು, ಅಂದರೆ ಬಾಕಿ ಇಲ್ಲ ಎಂಬ ಪತ್ರ. ಅದನ್ನು ಕೇಳುವ ಮೊದಲು ಹಂಚಿಕೆದಾರರ ಲೆಡ್ಜರ್ ಪ್ರತಿ ಕೊಡಿ ಎಂದು ಲಿಖಿತ ಅರ್ಜಿ ಹಾಕಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಲೆಡ್ಜರ್ ಕೈಗೆ ಬಂದ ಮೇಲೆ ಮನೆಯಲ್ಲಿ ಕುಳಿತು ಒಂದೊಂದು ಚಲನ್ ಸಂಖ್ಯೆ, ತಾರೀಖು, ಮೊತ್ತ ತಾಳೆ ನೋಡಬೇಕು. ಕಟ್ಟಿದ ಕಂತು ಲೆಡ್ಜರಿಗೆ ಹತ್ತದೇ ಇದ್ದರೆ ಅದರ ಮೇಲೆ ವರ್ಷಗಟ್ಟಲೆ ದಂಡಬಡ್ಡಿ ಏರಿ ಕುಳಿತಿರುತ್ತದೆ. ಅಸಲು ಕೆಲವು ನೂರು ರೂಪಾಯಿ ಆಗಿದ್ದರೂ ಬಡ್ಡಿ ಅದರ ಎಷ್ಟೋ ಪಟ್ಟು ಆಗಿರಬಹುದು. ಆಗ ನಿಮ್ಮ ಕೈಯಲ್ಲಿರುವ ಬ್ಯಾಂಕಿನ ಮುದ್ರೆ ಇರುವ ಚಲನ್ ಒಂದೇ ಸಾಕ್ಷಿ. ಮೂಲ ಚಲನ್ ಎಂದೂ ಕೊಡಬೇಡಿ, ನಕಲು ಕೊಟ್ಟು ಮೂಲವನ್ನು ತೋರಿಸಿ ವಾಪಸ್ ತನ್ನಿ. ಕಾರ್ಬನ್ ಪ್ರತಿಯ ಶಾಯಿ ಮಾಸಿದ್ದರೆ ಝೆರಾಕ್ಸ್‌ನಲ್ಲಿ ಏನೂ ಮೂಡುವುದಿಲ್ಲ. ಹಗಲು ಬೆಳಕಿನಲ್ಲಿ ಮೊಬೈಲಿನಿಂದ ಫೋಟೊ ತೆಗೆದು, ಗಾಢ ಮಾಡಿ ಮುದ್ರಿಸಿದರೆ ಅಕ್ಷರ ಕಾಣುತ್ತವೆ. ಬಡ್ಡಿ ಮನ್ನಾದ ಘೋಷಣೆ ಸದ್ಯ ಜಾರಿಯಲ್ಲಿದೆಯೇ ಎಂಬುದನ್ನೂ ಅದೇ ಅರ್ಜಿಯಲ್ಲಿ ಕೇಳಿಬಿಡಿ. ಬಾಯಿಮಾತಿನ ಉತ್ತರ ಕಡತಕ್ಕೆ ಸೇರುವುದಿಲ್ಲ.

ಎರಡನೆಯದು ಹೆಸರು. ನಮ್ಮ ಭಾಗದಲ್ಲಿ ಹೆಚ್ಚು ಅರ್ಜಿಗಳು ವಾಪಸ್ ಬರುವುದು ಇದರಿಂದಲೇ. ಹಂಚಿಕೆ ಪತ್ರದಲ್ಲಿ "ಭೀಮಶಾ ತಂದೆ ಶರಣಪ್ಪ", ಆಧಾರ್‌ನಲ್ಲಿ "ಭೀಮಾಶಂಕರ", ಪಾನ್ ಕಾರ್ಡಿನಲ್ಲಿ ಮನೆತನದ ಹೆಸರೂ ಸೇರಿ ಇನ್ನೊಂದು. ಹೆಣ್ಣುಮಕ್ಕಳದ್ದು ಇನ್ನೂ ಕಷ್ಟ: ತವರಿನ ಹೆಸರು ಒಂದು, ಗಂಡನ ಮನೆಯಲ್ಲಿ ಇಟ್ಟದ್ದು ಇನ್ನೊಂದು, ಹಳೆಯ ಕಾಗದದಲ್ಲಿ "ಗಂಡ" ಎಂದಿದ್ದ ಕಡೆ ಆಧಾರ್‌ನಲ್ಲಿ ಮಗನ ಹೆಸರು. ಇವೆಲ್ಲ ಒಬ್ಬರದೇ ಎಂದು ನೋಟರಿ ಮುಂದೆ ಪ್ರಮಾಣಪತ್ರ (ಅಫಿಡವಿಟ್) ಮಾಡಿಸಬೇಕಾಗುತ್ತದೆ. ಆದರೆ ಅದಕ್ಕಿಂತ ಮೊದಲು ಯಾವ ಹೆಸರು ಕ್ರಯಪತ್ರದಲ್ಲಿ ಇರಬೇಕು ಎಂದು ತೀರ್ಮಾನಿಸಿ. ಹಂಚಿಕೆ ಪತ್ರದ ಹೆಸರನ್ನು ಮುಂದೆ ಇಟ್ಟು "ಉರ್ಫ್" ಎಂದು ಆಧಾರ್‌ನ ಹೆಸರನ್ನು ಸೇರಿಸಿದರೆ ಮಂಡಳಿಯ ಕಡತಕ್ಕೂ ಹೊಂದುತ್ತದೆ, ಮುಂದೆ ಆಸ್ತಿಯ ಖಾತೆಗೂ ಹೊಂದುತ್ತದೆ. ಆಧಾರ್ ತಿದ್ದಿಸುವುದು ಸುಲಭ ಎಂದು ಅದನ್ನು ಮೊದಲು ತಿದ್ದಿಸಲು ಹೋಗಿ ಪಿಂಚಣಿ, ಪಡಿತರ, ಬ್ಯಾಂಕ್ ಖಾತೆಯ ಹೆಸರುಗಳು ಬೇರೆಯಾಗಿ ಕುಳಿತ ಮನೆಗಳು ಉಂಟು. ಹಿರಿಯರ ಪಿಂಚಣಿ ಯಾವ ಹೆಸರಿಗೆ ಬರುತ್ತಿದೆಯೋ ಅದನ್ನು ಮುಟ್ಟದಿರುವುದು ಲೇಸು.

ಊರಿನ ಹೆಸರೂ ಇದೆ. 2014ರ ನವೆಂಬರ್ 1ರಿಂದ ಗುಲಬರ್ಗಾ ಕಲಬುರಗಿ ಆಯಿತು, ಆದರೆ ಹಳೆಯ ಹಂಚಿಕೆ ಪತ್ರದಲ್ಲಿ ಹಳೆಯ ಹೆಸರೇ ಇರುತ್ತದೆ. ಇದಕ್ಕೆ ಪ್ರಮಾಣಪತ್ರ ಬೇಡ, ಕ್ರಯಪತ್ರದ ಕರಡಿನಲ್ಲಿ "ಗುಲಬರ್ಗಾ, ಈಗಿನ ಕಲಬುರಗಿ" ಎಂದು ಬರೆದರೆ ಸಾಕು. ಯಾದಗಿರಿಯವರು ಇನ್ನೊಂದನ್ನು ನೆನಪಿಡಬೇಕು. 2009ರ ಡಿಸೆಂಬರ್ 30ಕ್ಕೂ ಮುಂಚಿನ ಕಾಗದದಲ್ಲಿ ಜಿಲ್ಲೆ ಗುಲಬರ್ಗಾ ಎಂದೇ ಇರುತ್ತದೆ, ಅದು ತಪ್ಪಲ್ಲ.

ಮೂರನೆಯದು ಮನೆಯ ನಂಬರು. ಒಂದೇ ಮನೆಗೆ ಮೂರು ನಂಬರು ಇರುವುದು ಮಾಮೂಲು: ಮಂಡಳಿ ಕೊಟ್ಟ ಎಲ್‌ಐಜಿ (ಕಡಿಮೆ ಆದಾಯದವರ) ಅಥವಾ ಎಂಐಜಿ (ಮಧ್ಯಮ ಆದಾಯದವರ) ಮನೆಯ ನಂಬರು, ಪಾಲಿಕೆಯ ಹಳೆಯ ಮನೆ ನಂಬರು, ಈಗಿನ ಇ-ಆಸ್ತಿಯ (ನಗರದ ಆಸ್ತಿಗಳ ಆನ್‌ಲೈನ್ ದಾಖಲೆ) ಗುರುತಿನ ಸಂಖ್ಯೆ. ಮೂರನ್ನೂ ಕರಡಿನ ಷೆಡ್ಯೂಲ್‌ನಲ್ಲಿ, ಅಂದರೆ ಆಸ್ತಿ ವಿವರದ ಭಾಗದಲ್ಲಿ, ಬರೆಸಿ. ಜೆಸ್ಕಾಂ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರನ್ನೂ (ವಿದ್ಯುತ್ ಸಂಪರ್ಕದ ಸಂಖ್ಯೆ) ಸೇರಿಸಿದರೆ ಇದೇ ಮನೆ ಎಂದು ತೋರಿಸಲು ಮುಂದೆ ಸಲೀಸು. ಚಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರವನ್ನು, ಹಳೆಯ ಕಾಗದದಿಂದ ಕಣ್ಣುಮುಚ್ಚಿ ನಕಲು ಮಾಡಬಾರದು. ಆಗ ಪೂರ್ವಕ್ಕೆ ಖಾಲಿ ಜಾಗ ಎಂದಿದ್ದದ್ದು ಈಗ ರಸ್ತೆಯೋ ಉದ್ಯಾನವೋ ಆಗಿರುತ್ತದೆ.

ಅಳತೆಯ ತಕರಾರು ಬರುವುದು ಮೂಲೆ ಮನೆಗಳಿಗೆ. ಮಂಡಳಿ ಕೊಟ್ಟ ಜಾಗದಾಚೆಗೆ ಶಹಾಬಾದ್ ಪರಸಿ ಕಲ್ಲು ಹಾಸಿ ಕಟ್ಟೆ ಚಾಚಿದ್ದು, ಪಕ್ಕದ ಖಾಲಿ ಪಟ್ಟಿಗೆ ಕಾಂಪೌಂಡ್ ಹಾಕಿಕೊಂಡದ್ದು ಎಲ್ಲ ಸ್ಥಳ ಪರಿಶೀಲನೆಯಲ್ಲಿ ಹೊರಬೀಳುತ್ತದೆ. ಹೆಚ್ಚುವರಿ ಜಾಗವನ್ನು ಕ್ರಯಪತ್ರದಲ್ಲಿ ಸೇರಿಸಿಕೊಳ್ಳಲು ಹೋದರೆ ಇಡೀ ಕಡತ ನಿಲ್ಲುತ್ತದೆ. ಹಂಚಿಕೆಯಾದಷ್ಟು ಅಳತೆಗೆ ಮೊದಲು ಕ್ರಯಪತ್ರ ಮಾಡಿಸಿಕೊಂಡು, ಉಳಿದದ್ದಕ್ಕೆ ಬೇರೆ ಅರ್ಜಿ ಹಾಕುವುದೇ ಬುದ್ಧಿವಂತಿಕೆ. ಎಂಬತ್ತು ದಾಟಿದವರ ಕೆಲಸದಲ್ಲಿ ಆರಡಿ ಪಟ್ಟಿಗಾಗಿ ವರ್ಷ ಕಳೆಯುವುದರಲ್ಲಿ ಅರ್ಥವಿಲ್ಲ.

ನಾಲ್ಕನೆಯದು ಇ-ಖಾತೆ, ಅಂದರೆ ಆಸ್ತಿ ಯಾರ ಹೆಸರಲ್ಲಿದೆ ಎಂದು ತೋರಿಸುವ ಆನ್‌ಲೈನ್ ದಾಖಲೆ. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇದು ಕಡ್ಡಾಯ. ಕಾವೇರಿ ಆಸ್ತಿಯ ವಿವರವನ್ನು ನೀವು ಟೈಪ್ ಮಾಡಿದ್ದರಿಂದ ಅಲ್ಲ, ನಗರದಲ್ಲಾದರೆ ಇ-ಆಸ್ತಿಯಿಂದ, ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತಿನಿಂದ ಎಳೆದುಕೊಳ್ಳುತ್ತದೆ. ಹೌಸಿಂಗ್ ಬೋರ್ಡ್ ಬಡಾವಣೆಗಳಲ್ಲಿ ಇಲ್ಲಿ ಒಂದು ಗಂಟು ಇದೆ: ಬಡಾವಣೆ ಪಾಲಿಕೆಗೆ ಹಸ್ತಾಂತರ ಆಗಿದೆಯೋ ಇಲ್ಲವೋ? ಆಗಿದ್ದರೆ ಖಾತೆ ಪಾಲಿಕೆಯಲ್ಲಿ, ಆಗದಿದ್ದರೆ ಮಂಡಳಿಯಲ್ಲಿ. ಎರಡು ಕಡೆಯೂ "ಅಲ್ಲಿ ಹೋಗಿ" ಎಂದರೆ ಹಸ್ತಾಂತರದ ಆದೇಶದ ಪ್ರತಿ ಕೇಳಿ, ಅದರ ತಾರೀಖು ಉತ್ತರ ಹೇಳುತ್ತದೆ. ಖಾತೆ ಸದ್ಯ ಮಂಡಳಿಯ ಹೆಸರಲ್ಲಿದೆಯೋ ಹಂಚಿಕೆದಾರರ ಹೆಸರಲ್ಲಿದೆಯೋ ಎಂಬುದನ್ನೂ ಈ ಹಂತದಲ್ಲೇ ಖಚಿತ ಮಾಡಿಕೊಳ್ಳಿ. ಅರ್ಜಿಗೆ ತೆರಿಗೆ ರಸೀದಿ, ಕರಾರಿನ ಪ್ರತಿ, ಜೆಸ್ಕಾಂ ಬಿಲ್, ಆಧಾರ್, ಮನೆಯ ಮುಂದಿನ ಫೋಟೊ, ಋಣಭಾರ ಪ್ರಮಾಣಪತ್ರ ಜೋಡಿಸಿ, ಸಕಾಲ ಸಂಖ್ಯೆ (ಅರ್ಜಿ ಸ್ವೀಕರಿಸಿದ್ದಕ್ಕೆ ಕೊಡುವ ಗುರುತಿನ ಸಂಖ್ಯೆ) ಪಡೆಯದೆ ಕೌಂಟರ್ ಬಿಡಬೇಡಿ.

ಋಣಭಾರ ಪ್ರಮಾಣಪತ್ರ, ಎಲ್ಲರೂ ಇಸಿ ಎನ್ನುವುದು, ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಪತ್ರ. ಅದು ಕಾವೇರಿಯಲ್ಲೇ ಸಿಗುತ್ತದೆ. ಆದರೆ 2004ರ ಏಪ್ರಿಲ್ 1ರಿಂದ ಈಚಿನದು ಮಾತ್ರ. 1980, 90ರ ದಶಕದ ಹಂಚಿಕೆಗಳಿಗೆ ಅದಕ್ಕೂ ಹಿಂದಿನದು ಬೇಕು, ಅದಕ್ಕೆ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ಕೈಬರಹದ ಸೂಚ್ಯಂಕ ಹುಡುಕಿಸಬೇಕು. ಇಸಿಯಲ್ಲಿ ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ನಮೂನೆ 16 ನೋಡಿ ಖುಷಿಪಡುವ ಮುನ್ನ ಹುಡುಕಾಟಕ್ಕೆ ಕೊಟ್ಟ ಮನೆ ನಂಬರು ಸರಿ ಇತ್ತೇ ನೋಡಿ. ನಂಬರು ತಪ್ಪಿದರೂ "ಏನೂ ಇಲ್ಲ" ಎಂದೇ ಬರುತ್ತದೆ.

ಇಷ್ಟಾದ ಮೇಲೆ ಕಾವೇರಿಯ ಕೆಲಸ, ನಿಜಕ್ಕೂ ಸರಳ. ಮೊಬೈಲ್ ಒಟಿಪಿಯಿಂದ ಖಾತೆ ತೆರೆದು, ಪತ್ರದ ಬಗೆ ಆರಿಸಿ, ಕಕ್ಷಿದಾರರ ವಿವರ ಮತ್ತು ಆಸ್ತಿಯ ಗುರುತಿನ ಸಂಖ್ಯೆ ತುಂಬಿ, ಮಂಡಳಿ ಒಪ್ಪಿದ ಕರಡನ್ನು ಏರಿಸಿ ಪರಿಶೀಲನೆಗೆ ಕಳಿಸುವುದು. ಕೊರತೆ ಇದ್ದರೆ ಅಲ್ಲಿಂದಲೇ ಟಿಪ್ಪಣಿಯೊಂದಿಗೆ ಮರಳಿ ಬರುತ್ತದೆ. ಹಿಂದೆ ಇದೇ ಕೊರತೆ ಕಚೇರಿಯ ಮೇಜಿನ ಮುಂದೆ, ಅಜ್ಜನನ್ನು ಬೆಂಚಿನ ಮೇಲೆ ಕೂರಿಸಿದ ಮೇಲೆ ಗೊತ್ತಾಗುತ್ತಿತ್ತು. ಪೋರ್ಟಲ್ ತಂದ ದೊಡ್ಡ ಲಾಭ ಇದೇ. ಒಪ್ಪಿಗೆ ಬಂದ ಮೇಲೆ ಸರ್ಕಾರದ ಆನ್‌ಲೈನ್ ಪಾವತಿ ವ್ಯವಸ್ಥೆಯಾದ ಖಜಾನೆ-2ರ ಮೂಲಕ ಹಣ ಕಟ್ಟಿ, ಸ್ಲಾಟ್ ಕಾಯ್ದಿರಿಸಬೇಕು. ಖಾತೆ ತೆರೆಯಲು ಪತ್ರ ಬರಹಗಾರನ ಮೊಬೈಲ್ ನಂಬರು ಕೊಡಬೇಡಿ. ಕರಡು, ರಸೀದಿ, ಕಡೆಗೆ ಬರುವ ಡಿಜಿಟಲ್ ಸಹಿಯ ಪ್ರತಿ ಎಲ್ಲವೂ ಆ ಲಾಗಿನ್‌ಗೇ ಸೇರುತ್ತವೆ. ಬರಹಗಾರನಿಗೆ ಕರಡು ಬರೆದ ಕೂಲಿ ಕೊಡಿ, ಲಾಗಿನ್ ಮನೆಯವರದ್ದೇ ಇರಲಿ.

ಹಣದ ವಿಷಯಕ್ಕೆ ಬಂದರೆ, ಈ ಇಡೀ ವ್ಯವಹಾರದ ಉಳಿತಾಯ ಅಡಗಿರುವುದು ಇಲ್ಲೇ. ಮನೆಯ ಬೆಲೆ ಹಂಚಿಕೆಯ ಹೊತ್ತಿಗೆ ಮಂಡಳಿ ನಿಗದಿ ಮಾಡಿದ್ದು, ಇವತ್ತಿನ ಪೇಟೆ ದರ ಅಲ್ಲ. ಮುದ್ರಾಂಕ ಶುಲ್ಕದ ಲೆಕ್ಕ ಯಾವ ಮೌಲ್ಯದ ಮೇಲೆ ಬೀಳುತ್ತದೆ ಎಂಬುದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ನೋಡಿ. ಶುಲ್ಕ ಶೇ 5, ಅದರ ಮೇಲೆ ಶೇ 10 ಸೆಸ್, ನಗರದಲ್ಲಿ ಶೇ 2 ಸರ್ಚಾರ್ಜ್. ಒಟ್ಟು ಶೇ 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಹಂಚಿಕೆ ಬೆಲೆ 1,50,000 ರೂಪಾಯಿ ಎಂದು ಹಿಡಿದರೆ 8,400 ಮತ್ತು 3,000, ಒಟ್ಟು 11,400 ರೂಪಾಯಿ. ಅದೇ ಮನೆಗೆ ಮಾರ್ಗಸೂಚಿ ಮೌಲ್ಯ (ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆ) 30 ಲಕ್ಷ ಎಂದು ಪೋರ್ಟಲ್ ಲೆಕ್ಕ ಹಾಕಿದರೆ 1,68,000 ಮತ್ತು 60,000, ಒಟ್ಟು 2,28,000 ರೂಪಾಯಿ. ಆದ್ದರಿಂದ ಮಾರುವವರು ಮಂಡಳಿ, ಪತ್ರ ಲೀಸ್ ಕಮ್ ಸೇಲ್ ಕರಾರಿನ ಮುಂದುವರಿಕೆ ಎಂಬುದು ಅರ್ಜಿಯಲ್ಲೂ ಕರಡಿನಲ್ಲೂ ಸ್ಪಷ್ಟ ಇರಬೇಕು. ಖಾಸಗಿ ಮಾರಾಟದ ಹಾಗೆ ತುಂಬಿದರೆ ದೊಡ್ಡ ಮೊತ್ತ ತೋರಿಸುತ್ತದೆ. ತೋರಿಸಿದ ತಕ್ಷಣ ಕಟ್ಟಬೇಡಿ. ಹಂಚಿಕೆ ಪತ್ರ, ಕರಾರು, ಕರಡು ಹಿಡಿದು ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ಯಾವ ಮೌಲ್ಯ ಅನ್ವಯ ಎಂದು ಕೇಳಿ, ಹಳೆಯ ಕರಾರಿಗೆ ಕಟ್ಟಿದ ಶುಲ್ಕದ ಹೊಂದಾಣಿಕೆ ಇದೆಯೇ ಎಂಬುದನ್ನೂ ಅಲ್ಲೇ ವಿಚಾರಿಸಿ. ಹೆಣ್ಣುಮಕ್ಕಳ ಹೆಸರಿಗೆ ಮಾಡಿಸಿದರೆ ಶುಲ್ಕ ಕಡಿಮೆ ಎಂಬ ಮಾತು ಇಲ್ಲಿ ಓಡಾಡುತ್ತದೆ. ಅದು ಬೇರೆ ಕೆಲವು ರಾಜ್ಯಗಳ ಮಾತು, ಕರ್ನಾಟಕದ ಕ್ರಯಪತ್ರಕ್ಕೆ ಆ ರಿಯಾಯಿತಿ ಇಲ್ಲ.

ಹಣ ಖಾತೆಯಿಂದ ಹೋಗಿ ಪೋರ್ಟಲ್‌ನಲ್ಲಿ ಕಾಣದಿದ್ದರೆ ಎರಡನೇ ಸಲ ಕಟ್ಟಬಾರದು. ಖಜಾನೆ-2ರಲ್ಲಿ ಚಲನ್ ಸಂಖ್ಯೆ ಹಾಕಿ ಸ್ಥಿತಿ ನೋಡಿ. ಸರ್ವರ್ ನಿಲ್ಲುವುದು ಹೊಸದಲ್ಲ, 2025ರ ಜನವರಿ–ಫೆಬ್ರವರಿಯಲ್ಲಿ ಸೈಬರ್ ದಾಳಿಯಿಂದ ರಾಜ್ಯದಾದ್ಯಂತ ನೋಂದಣಿ ತಡೆದಿತ್ತು. ಹಿರಿಯರನ್ನು ಹಳ್ಳಿಯಿಂದ ಗಾಡಿ ಮಾಡಿ ಕರೆತರುವ ದಿನ ಹೊರಡುವ ಮುನ್ನ ಕಚೇರಿಗೆ ಫೋನ್ ಹಚ್ಚಿ ಸರ್ವರ್ ನಡೆಯುತ್ತಿದೆಯೇ ಕೇಳುವುದು ಒಳ್ಳೆಯದು. ಸ್ಲಾಟ್ ಮುಂಜಾನೆಯದ್ದೇ ಇರಲಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಮಧ್ಯಾಹ್ನದ ಬಿಸಿಲಿಗೆ ಗಟ್ಟಿ ಆಳೇ ತತ್ತರಿಸುತ್ತಾನೆ.

ಕಚೇರಿಗೆ ಬರಲಾಗದವರಿಗೆ ದಾರಿ ಇದೆ, ಆದರೆ ಪೋರ್ಟಲ್ ಅದನ್ನು ಮುಂದೆ ಬಂದು ಹೇಳುವುದಿಲ್ಲ. 1908ರ ನೋಂದಣಿ ಕಾಯ್ದೆಯ 31 ಮತ್ತು 38ನೇ ಕಲಂಗಳಲ್ಲಿ ಅನಾರೋಗ್ಯ, ಅಶಕ್ತತೆ ಇರುವವರ ಮನೆಗೆ ಅಧಿಕಾರಿಯೇ ಬರುವ ಅವಕಾಶ ಇದೆ. ವೈದ್ಯರ ಪ್ರಮಾಣಪತ್ರದೊಂದಿಗೆ ಲಿಖಿತ ಅರ್ಜಿ ಕೊಟ್ಟು, ನಿಗದಿತ ಶುಲ್ಕ ಕಟ್ಟಬೇಕು. "ಅಂಥಾದ್ದೇನೂ ಇಲ್ಲ" ಎಂದು ಯಾರಾದರೂ ಅಂದರೆ ಕಲಂ ಸಂಖ್ಯೆ ಬರೆದ ಅರ್ಜಿ ಮುಂದಿಡಿ. ಇದನ್ನು ಸ್ಲಾಟ್ ಕಾಯ್ದಿರಿಸುವ ಮುನ್ನವೇ ಮಾಡಬೇಕು. ಮಂಡಳಿಯ ಅಧಿಕಾರಿ ಪತ್ರಕ್ಕೆ ಸಹಿ ಹಾಕಿದ ತಾರೀಖಿನಿಂದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಮೀರಿದರೆ ಇನ್ನು ನಾಲ್ಕು ತಿಂಗಳ ತನಕ ದಂಡ ಕಟ್ಟಿ ಒಪ್ಪಿಸಲು ಅವಕಾಶ ಇದೆ, ದಂಡ ನೋಂದಣಿ ಶುಲ್ಕದ ಹತ್ತು ಪಟ್ಟಿನವರೆಗೂ ಹೋಗಬಹುದು.

ಕಚೇರಿಯಲ್ಲಿ ಆಗುವುದು ಫೋಟೊ, ಹೆಬ್ಬೆರಳು, ಸಹಿ. ಗುರುತಿಸಲು ಇಬ್ಬರು ಸಾಕ್ಷಿಗಳು ತಮ್ಮ ಆಧಾರ್ ಸಮೇತ ಜೊತೆಗಿರಲಿ. ವಯಸ್ಸಾದವರ ಬೆರಳ ಗೆರೆ ಸವೆದಿರುತ್ತವೆ, ಚರ್ಮ ಒಣಗಿರುತ್ತದೆ. ಹಿಂದಿನ ವಾರ ಮೆಹೆಂದಿ ಬೇಡ, ಆ ದಿನ ಬೆರಳಿಗೆ ಸುಣ್ಣ ತಾಗಿಸಬೇಡಿ. ಎಲೆಯಡಿಕೆ ಹಾಕುವವರಿಗೆ ಇದನ್ನು ಮೊದಲೇ ಹೇಳಿರಬೇಕು. ಸಾಬೂನಿನಿಂದ ತೊಳೆದು, ಒರೆಸಿ, ಸ್ವಲ್ಪ ಹೊತ್ತು ಬೆರಳನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದರೆ ಸ್ಕ್ಯಾನರ್ ಚೆನ್ನಾಗಿ ಹಿಡಿಯುತ್ತದೆ. ಹಿಂದೆ ಸಹಿ ಹಾಕುತ್ತಿದ್ದವರ ಕೈ ಈಗ ನಡುಗುತ್ತಿದ್ದರೆ ಸಹಿಯ ಜೊತೆ ಎಡಗೈ ಹೆಬ್ಬೆಟ್ಟನ್ನೂ ಹಾಕಿಸಿ. ಹಳೆಯ ಕರಾರಿನ ಸಹಿಗೂ ಈಗಿನದಕ್ಕೂ ತಾಳೆಯಾಗದು ಎಂದು ಮುಂದೆ ಯಾರಾದರೂ ತಕರಾರು ತೆಗೆದರೆ ಅದು ಉತ್ತರ.

ಇಡೀ ಕೆಲಸವನ್ನು ಮಗನೋ ಮೊಮ್ಮಗನೋ ಮಾಡಿಸುವುದರಿಂದ "ನನ್ನ ಹೆಸರಿಗೇ ಮಾಡಿಸಿಬಿಟ್ಟರೆ ಎರಡು ಖರ್ಚು ಉಳಿಯುತ್ತೆ" ಎಂಬ ಮಾತು ಬರುತ್ತದೆ. ಮಂಡಳಿ ಕ್ರಯಪತ್ರ ಬರೆದುಕೊಡುವುದು ಹಂಚಿಕೆದಾರರಿಗೆ, ಮಧ್ಯದ ಹೆಸರು ಹಾರಿಸಲು ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಹಾಕುವುದು ಅಪಾಯ. ಜಿಪಿಎ ಮೇಲಿನ ಮಾರಾಟದಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಅಕ್ಟೋಬರ್‌ನಲ್ಲೇ ಹೇಳಿದೆ. ನೋಟರಿ ಕಾಗದದ ಮೇಲೆ ಮನೆ ಕೊಂಡು ವರ್ಷಗಳಿಂದ ಇರುವವರಿಗೂ ಇದೇ ಮಾತು: ಮೂಲ ಹಂಚಿಕೆದಾರರು ಬದುಕಿರುವಾಗಲೇ ಅವರ ಹೆಸರಿಗೆ ಕ್ರಯಪತ್ರ ಆಗಲಿ, ಅವರಿಂದ ನಿಮಗೆ ಇನ್ನೊಂದು. ಹಿರಿಯರ ಹೆಸರಿಗೆ ಬಂದ ಮೇಲೆ ಮಕ್ಕಳಿಗೆ ಕೊಡುವುದಾದರೆ ಉಯಿಲು ಸಾಕು, ಅದಕ್ಕೆ ಇಬ್ಬರು ಸಾಕ್ಷಿಗಳು ಬೇಕು, ನೋಂದಣಿ ಕಡ್ಡಾಯ ಅಲ್ಲ. ದಾನಪತ್ರವೇ ಬೇಕೆಂದರೆ "ನೋಡಿಕೊಳ್ಳುವ ಷರತ್ತಿನ ಮೇಲೆ" ಎಂಬ ಸಾಲು ಬಿಡದೆ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂನಡಿ ಆ ಷರತ್ತು ಮುರಿದರೆ ದಾನವನ್ನು ರದ್ದು ಮಾಡಿಸಬಹುದು.

ನೋಂದಣಿಯಾದ ಮೇಲೆ ಇ-ಖಾತೆಯಲ್ಲಿ ಹೆಸರು ಬದಲಾಗಿದೆಯೇ ನೋಡಿ, ತಾನಾಗಿ ಆಗುತ್ತದೆ ಎಂದು ಬಿಡಬೇಡಿ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ.

ಕೊನೆಗೆ, ಹೆಬ್ಬೆಟ್ಟಿನ ಭದ್ರತೆ. ನೋಂದಣಿ ಪತ್ರಗಳ ಮೇಲಿನ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿಯಿಂದ ಖಾತೆಯ ಹಣ ಎತ್ತಿದ ಪ್ರಕರಣಗಳು 2023ರಲ್ಲಿ ರಾಜ್ಯದಲ್ಲಿ ಬಯಲಾದವು, ಆಮೇಲೆ ಇಲಾಖೆ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಡಲು ಶುರುಮಾಡಿತು. ಆದರೂ ಮನೆಗೆ ಬಂದ ದಿನವೇ ಆಧಾರ್‌ನ ಅಧಿಕೃತ ಆಪ್‌ನಲ್ಲಿ ಹಿರಿಯರ ಬಯೊಮೆಟ್ರಿಕ್ ಲಾಕ್ ಮಾಡಿ. ಪಡಿತರಕ್ಕೋ ಪಿಂಚಣಿಗೋ ಹೆಬ್ಬೆಟ್ಟು ಕೊಡುವವರಾದರೆ ಆ ದಿನ ಮಾತ್ರ ತೆರೆದುಕೊಡಬೇಕು, ಇಲ್ಲವಾದರೆ ರೇಷನ್ ಅಂಗಡಿಯಲ್ಲಿ "ಮ್ಯಾಚ್ ಆಗ್ಲಿಲ್ಲ" ಎಂದು ಆಯಿಯನ್ನು ವಾಪಸ್ ಕಳಿಸುತ್ತಾರೆ. ಲಾಕ್ ತೆರೆಯುವುದು ಹೇಗೆಂದು ಮನೆಯಲ್ಲಿ ಇನ್ನೊಬ್ಬರಿಗೂ ಕಲಿಸಿಡಿ. ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ. ಆ ಸಿಮ್ ರೀಚಾರ್ಜ್ ಇಲ್ಲದೆ ಸತ್ತಿದ್ದರೆ ಅದನ್ನು ಮೊದಲು ಸರಿಪಡಿಸಿಕೊಳ್ಳಿ.